ಸೈಕಲ್ ಮೇಲೆ ಕೇಳಲು ಯಾವ ಹೆಡ್‌ಫೋನ್? ಮೊದಲು ಗಾಳಿಯ ಲೆಕ್ಕ ನೋಡಿ

ಹೆಡ್‌ಫೋನ್ ವಿಮರ್ಶೆಗಳಲ್ಲಿ ಬಹುಪಾಲು ಸದ್ದಿಲ್ಲದ ಕೋಣೆಯಲ್ಲಿ ಕೂತು ಬರೆದವು. ಬೇಸ್ ಎಷ್ಟು ಗಟ್ಟಿ, ಹಾಡುವವರ ಉಸಿರು ಕೇಳಿಸುತ್ತದೆಯೇ, ಯಾವ ಕೋಡೆಕ್ (ಬ್ಲೂಟೂತ್‌ನಲ್ಲಿ ದನಿಯನ್ನು ಕುಗ್ಗಿಸಿ ಕಳಿಸುವ ವಿಧಾನ) ಇದೆ ಅಂತೆಲ್ಲ ಅವು ವಿವರವಾಗಿ ಹೇಳುತ್ತವೆ. ಸೈಕಲ್ ಗಂಟೆಗೆ 20 ಕಿ.ಮೀ. ವೇಗ ಮುಟ್ಟಿದ ಕೂಡಲೇ ಇದರಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಬರುವುದಿಲ್ಲ. ಕಿವಿಯಲ್ಲಿ ಗಾಳಿ ಶುರುವಾಗುತ್ತದೆ. ಅಲ್ಲಿಂದಾಚೆ ಹೆಡ್‌ಫೋನಿನ ಪೈಪೋಟಿಯೆಲ್ಲ ಗಾಳಿಯ ಜೊತೆಗೇ.

‘ಕಿವಿ ಮುಚ್ಚದ ಹೆಡ್‌ಫೋನ್ ತಗೊಳ್ಳಿ, ಅಪಾಯ ಇಲ್ಲ’ ಎಂಬುದು ಎಲ್ಲರೂ ಕೊಡುವ ಸಲಹೆ. ತಪ್ಪು ಸಲಹೆಯೇನಲ್ಲ, ಆದರೆ ಅರ್ಧ ಸಲಹೆ. ಕಿವಿ ತೆರೆದಿರುವುದು ಬೇರೆ, ಹೊರಗಿನದು ಕೇಳಿಸುವುದು ಬೇರೆ. ತೆರೆದ ಕಿವಿಯ ಪಕ್ಕದಲ್ಲೇ ಹಾಡು ಜೋರಾಗಿ ಅರಚುತ್ತಿದ್ದರೆ ಹಿಂದಿನಿಂದ ಬರುವ ಲಾರಿ ಕೇಳಿಸುವುದಿಲ್ಲ. ಯಾವ ಹೆಡ್‌ಫೋನ್ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಎಷ್ಟು ವಾಲ್ಯೂಮ್, ಎಷ್ಟು ವೇಗ, ಏನು ಕೇಳುತ್ತೀರಿ ಎಂಬುದನ್ನೂ ಜೊತೆಗೇ ಕೇಳಿಕೊಳ್ಳಬೇಕು. ನನ್ನ ಪ್ರಕಾರ ಸೈಕಲ್‌ಗೆ ಒಳ್ಳೆಯ ಹೆಡ್‌ಫೋನ್ ಅಂದರೆ ಕಡಿಮೆ ವಾಲ್ಯೂಮಿನಲ್ಲೂ ಮಾತು ಅರ್ಥವಾಗುವಂಥದ್ದು. ಉಳಿದ ಗುಣಗಳೆಲ್ಲ ಆಮೇಲೆ.

ಗಾಳಿಯ ಗದ್ದಲ ಹುಟ್ಟುವುದು ಕಿವಿಯಲ್ಲೇ

ಸವಾರಿಯಲ್ಲಿ ಕಿವಿಗೆ ಬೀಳುವ ಆ ಭರ್ರೆನ್ನುವ ಸದ್ದು ದೂರದಿಂದ ಬಂದದ್ದಲ್ಲ. ಅದನ್ನು ಹುಟ್ಟಿಸುವುದು ನಮ್ಮ ತಲೆ ಮತ್ತು ಕಿವಿಯೇ. ಮುಂದಿನಿಂದ ಬರುವ ಗಾಳಿ ಕೆನ್ನೆ ದಾಟಿ ಹೊರಕಿವಿಗೆ ತಗುಲಿ ಸುಳಿಸುಳಿಯಾಗಿ ಒಡೆಯುತ್ತದೆ. ಆ ಸುಳಿಗಳಲ್ಲಿ ಒತ್ತಡ ಒಂದೇ ಸಮನೆ ಏರಿಳಿಯುತ್ತದೆ. ಅದೇ ಕಿವಿತಮಟೆಗೆ ಸದ್ದಾಗಿ ಮುಟ್ಟುತ್ತದೆ. ತಲೆಯನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಗದ್ದಲ ತಟ್ಟನೆ ತಗ್ಗುವುದನ್ನು ಸೈಕಲ್ ಹೊಡೆಯುವವರು ಗಮನಿಸಿರುತ್ತಾರೆ. ಗಾಳಿ ಕಿವಿಗೆ ತಾಗುವ ಕೋನ ಬದಲಾಯಿತು, ಅಷ್ಟೇ.

ವೇಗ ಸ್ವಲ್ಪ ಏರಿದರೂ ಈ ಸದ್ದು ಸಿಕ್ಕಾಪಟ್ಟೆ ಏರುತ್ತದೆ. ಪ್ರಯೋಗಕ್ಕಾಗಿ ಗಾಳಿ ಬೀಸಿಸುವ ಸುರಂಗದಲ್ಲಿ ಕಿವಿಯ ಬಳಿ ಮೈಕ್ ಇಟ್ಟು ಅಳೆದಾಗ ಸಾಧಾರಣ ಸೈಕಲ್ ವೇಗಕ್ಕೇ 85 ಡೆಸಿಬೆಲ್ ಆಸುಪಾಸು ಸಿಕ್ಕಿದೆ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಹೋಲಿಸಿ ನೋಡಿ, ಒಂದು ಮೀಟರ್ ದೂರದಲ್ಲಿ ನಿಂತು ಆಡುವ ಮಾಮೂಲಿ ಮಾತು ಸುಮಾರು 60 ಡೆಸಿಬೆಲ್.

ಗಾಳಿ ಸದ್ದಿನ ಬಲವೆಲ್ಲ ಇರುವುದು ತಗ್ಗು ದನಿಗಳಲ್ಲಿ, ಅಂದರೆ ಬೇಸ್ ಇರುವ ಜಾಗದಲ್ಲೇ. ಹೀಗಾಗಿ ಮೊದಲು ಮುಳುಗುವುದು ಬೇಸ್. ತಗ್ಗು ದನಿ ಜೋರಾಗಿದ್ದರೆ ಅದು ತನಗಿಂತ ಏರು ದನಿಗಳನ್ನೂ ಮರೆಮಾಡುತ್ತದೆ, ಇದು ನಮ್ಮ ಒಳಕಿವಿಯ ಸ್ವಭಾವ. ಅದಕ್ಕೇ ಸವಾರಿಯಲ್ಲಿ ಹಾಡಿನ ತಾಳ ಕಳೆದುಹೋಗಿ, ದನಿ ತೆಳ್ಳಗಾದಂತೆ ಅನಿಸುತ್ತದೆ. ಸವಾರ ಏನು ಮಾಡುತ್ತಾನೆ? ವಾಲ್ಯೂಮ್ ಏರಿಸುತ್ತಾನೆ. ಸೈಕಲ್ ಮೇಲಿನ ಆಡಿಯೋ ತೊಂದರೆಗಳೆಲ್ಲ ಶುರುವಾಗುವುದು ಆ ಗಳಿಗೆಯಲ್ಲಿ.

ಕಿವಿಯ ಆರೋಗ್ಯದ ಲೆಕ್ಕವೂ ಇಲ್ಲೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 90 ಡೆಸಿಬೆಲ್‌ಗೆ ಬಂದರೆ ಉಳಿಯುವುದು ವಾರಕ್ಕೆ ಸುಮಾರು 4 ಗಂಟೆ. 85 ಡೆಸಿಬೆಲ್ ಗಾಳಿಯ ಮೇಲೆ ಹಾಡು ಸ್ಪಷ್ಟವಾಗಿ ಕೇಳಬೇಕೆಂದರೆ 90ರ ಹತ್ತಿರ ಹೋಗಲೇಬೇಕು. ವಾರಕ್ಕೆ ಎರಡು ಉದ್ದ ಸವಾರಿ ಮಾಡಿದರೆ ಆ 4 ಗಂಟೆ ಮುಗಿದೇ ಹೋಯಿತು, ಅಲ್ವಾ?

ಹೆಲ್ಮೆಟ್ ಪಟ್ಟಿಗೆ ಕಿವಿಯ ಮುಂದೆ ಸುತ್ತಿಕೊಳ್ಳುವ ತುಪ್ಪಳದಂಥ ಬಟ್ಟೆಯ ಪಟ್ಟಿಗಳು ಸಿಗುತ್ತವೆ. ಅವು ಗಾಳಿಯನ್ನು ಕಿವಿಗೆ ತಾಗುವ ಮೊದಲೇ ಮುರಿಯುತ್ತವೆ. ನೋಡಲು ಕೊಂಚ ತಮಾಷೆಯಾಗಿ ಕಾಣುತ್ತವೆ, ಇರಲಿ. ಹೆಡ್‌ಫೋನ್ ಬದಲಿಸುವ ಯೋಚನೆ ಇದ್ದರೆ ಮೊದಲು ಇವನ್ನು ಹಾಕಿ ನೋಡಿ. ಗಾಳಿಯ ಸದ್ದು ತಗ್ಗಿದರೆ ವಾಲ್ಯೂಮೂ ತಗ್ಗುತ್ತದೆ, ಹಿಂದಿನ ವಾಹನವೂ ಕೇಳುತ್ತದೆ.

ಹಿಂದಿನಿಂದ ಬರುವುದು ಎಲ್ಲಿದೆ ಎಂದು ಗೊತ್ತಾಗುವುದು ಹೇಗೆ

ಕಿವಿ ತೆರೆದಿರಬೇಕು ಅನ್ನುವುದಕ್ಕೆ ಕಾರಣ ಬರೀ ‘ಏನೋ ಬರುತ್ತಿದೆ’ ಎಂದು ತಿಳಿಯುವುದಷ್ಟೇ ಅಲ್ಲ. ಅದು ಎಡಕ್ಕಿದೆಯೋ ಬಲಕ್ಕಿದೆಯೋ, ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯಬೇಕು. ಇದಕ್ಕೆ ಎರಡೂ ಕಿವಿ ಬೇಕು. ಎಡದಿಂದ ಬಂದ ಸದ್ದು ಎಡಗಿವಿಗೆ ಮೊದಲು, ಬಲಗಿವಿಗೆ ಒಂಚೂರು ತಡವಾಗಿ ಮುಟ್ಟುತ್ತದೆ. ಆ ತಡ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ, ಸುಮಾರು 0.7 ಮಿಲಿಸೆಕೆಂಡ್. ಮೆದುಳು ಅಷ್ಟನ್ನೇ ಹಿಡಿದು ದಿಕ್ಕು ಹೇಳುತ್ತದೆ. ಏರು ದನಿಗಳಿಗೆ ತಲೆ ಅಡ್ಡ ಬರುವುದರಿಂದ ಆಚೆ ಕಿವಿಗೆ ಅವು ಮೆತ್ತಗೆ ಕೇಳುತ್ತವೆ, ಅದೂ ಒಂದು ಸುಳಿವು. ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರೇಲಿ 1907ರಲ್ಲೇ ಈ ಎರಡು ಸುಳಿವುಗಳ ಬಗ್ಗೆ ಬರೆದಿದ್ದ.

ಮುಂದೆ-ಹಿಂದೆ ಗುರುತಿಸಲು ಇವೆರಡೂ ಸಾಲವು. ನೇರ ಮುಂದಿನಿಂದ ಬಂದರೂ ನೇರ ಹಿಂದಿನಿಂದ ಬಂದರೂ ಸದ್ದು ಎರಡು ಕಿವಿಗೂ ಒಂದೇ ಹೊತ್ತಿಗೆ ಮುಟ್ಟುತ್ತದೆ. ಅಲ್ಲಿ ಕೆಲಸ ಮಾಡುವುದು ಹೊರಕಿವಿಯ ಮಡಿಕೆಗಳು. ಮುಂದಿನ ಸದ್ದನ್ನೂ ಹಿಂದಿನ ಸದ್ದನ್ನೂ ಅವು ಬೇರೆಬೇರೆ ರೀತಿಯಲ್ಲಿ ಸೋಸುತ್ತವೆ. ಕಿವಿಯ ಕೊಳವೆಗೆ ರಬ್ಬರ್ ತುದಿ ತುರುಕಿದಾಗ ಈ ಸೋಸಾಟವೇ ಕೆಡುತ್ತದೆ. ಸೈಕಲ್‌ನವರಿಗೆ ಬೇಕಾದದ್ದು ಹಿಂದಿನ ಸದ್ದು, ಕೆಡುವುದೂ ಅದೇ.

ಒಂದು ಲೆಕ್ಕ ಹಾಕೋಣ. ನೀವು ಗಂಟೆಗೆ 25 ಕಿ.ಮೀ.ನಲ್ಲಿ ಹೋಗುತ್ತಿದ್ದೀರಿ. ಹಿಂದೆ ಕಾರು 60ರಲ್ಲಿ ಬರುತ್ತಿದೆ. ವ್ಯತ್ಯಾಸ 35 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 9.7 ಮೀಟರ್. ಕಾರು 50 ಮೀಟರ್ ಹಿಂದಿದ್ದಾಗ ಕೇಳಿಸಿದರೆ ನಿಮ್ಮ ಕೈಲಿ 5 ಸೆಕೆಂಡ್ ಇದೆ. ಗಾಳಿಯೂ ಹಾಡೂ ಸೇರಿ ಅದನ್ನು 20 ಮೀಟರ್‌ವರೆಗೆ ಮುಚ್ಚಿಟ್ಟರೆ ಉಳಿಯುವುದು 2 ಸೆಕೆಂಡ್. ರಸ್ತೆಗುಂಡಿ ತಪ್ಪಿಸಲು ಹ್ಯಾಂಡಲ್ ತಿರುಗಿಸುವ ಮುಂಚೆ ಒಮ್ಮೆ ಹಿಂದೆ ನೋಡಲೂ ಅಷ್ಟು ಹೊತ್ತು ಸಾಲದು.

ಎಲೆಕ್ಟ್ರಿಕ್ ವಾಹನಗಳು ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿವೆ. ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳೂ ನಿಧಾನ ಚಲನೆಯಲ್ಲಿ ಎಚ್ಚರಿಕೆಯ ಸದ್ದು ಮಾಡಲೇಬೇಕು, ಆದರೆ ಗಂಟೆಗೆ 20 ಕಿ.ಮೀ.ವರೆಗೆ ಮಾತ್ರ. ಅದರ ಮೇಲೆ ಟೈರ್ ಸದ್ದೇ ಸಾಕು ಎಂಬ ಎಣಿಕೆ. ಸುಮ್ಮನೆ ನಡೆಯುವವರಿಗೆ ಅದು ಸಾಕಾಗಬಹುದು. ಕಿವಿಯಲ್ಲಿ 85 ಡೆಸಿಬೆಲ್ ಗಾಳಿ ಇರುವವರಿಗೆ ಸಾಕೇ ಎಂಬುದು ಬೇರೆ ಮಾತು. ಅದಕ್ಕೇ ಹ್ಯಾಂಡಲ್‌ಗೋ ಹೆಲ್ಮೆಟ್‌ಗೋ ಒಂದು ಚಿಕ್ಕ ಕನ್ನಡಿ ಹಾಕಿಕೊಳ್ಳುವುದು ಒಳ್ಳೆಯದು, ಹೆಡ್‌ಫೋನ್ ಹಾಕದಿದ್ದರೂ.

ಮೂಳೆಯ ಮೂಲಕ ಕೇಳುವುದು

ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಮ್ಮ ಹೆಸರನ್ನೇ ಹೇಳಿ ನೋಡಿ. ದನಿ ಮಾಯವಾಗುವುದಿಲ್ಲ, ಗುಂಯ್ ಎಂದು ಇನ್ನಷ್ಟು ದಪ್ಪಗೆ ಕೇಳುತ್ತದೆ. ನಮ್ಮ ದನಿ ಗಾಳಿಯ ಮೂಲಕ ಅಷ್ಟೇ ಅಲ್ಲ, ತಲೆಬುರುಡೆಯ ಮೂಲಕವೂ ಒಳಕಿವಿಗೆ ಹೋಗುತ್ತಿರುತ್ತದೆ. ರೆಕಾರ್ಡ್ ಮಾಡಿದ ನಮ್ಮ ದನಿ ನಮಗೇ ಪರಕೀಯ ಅನಿಸುವುದಕ್ಕೆ ಇದೇ ಕಾರಣ, ಅದರಲ್ಲಿ ಮೂಳೆಯ ಪಾಲು ಇರುವುದಿಲ್ಲ. ಬೋನ್ ಕಂಡಕ್ಷನ್ ಹೆಡ್‌ಫೋನ್‌ಗಳು ಹಿಡಿದಿರುವುದು ಈ ದಾರಿಯನ್ನೇ. ಕಿವಿಯ ಮುಂದೆ ಕೆನ್ನೆಮೂಳೆಗೆ ಒತ್ತಿ ಕೂರುವ ಚಿಕ್ಕ ಗುಂಡಿ ನಡುಗುತ್ತದೆ, ಆ ನಡುಕ ಮೂಳೆ ದಾಟಿ ಒಳಕಿವಿಗೆ ಹೋಗುತ್ತದೆ. ಐಡಿಯಾ ಹೊಸದೇನಲ್ಲ. 1920ರ ದಶಕದಲ್ಲೇ ಅಮೆರಿಕದ ಹ್ಯೂಗೋ ಗರ್ನ್ಸ್‌ಬ್ಯಾಕ್ ಹಲ್ಲಿನಲ್ಲಿ ಕಚ್ಚಿಕೊಂಡು ಕೇಳುವ ‘ಓಸೋಫೋನ್’ ಎಂಬ ಸಾಧನ ಮಾಡಿದ್ದ. ಅದನ್ನು ಕಚ್ಚಿಕೊಂಡು ಸೈಕಲ್ ಹೊಡೆಯುವ ಸವಾರನನ್ನು ಊಹಿಸಿಕೊಳ್ಳುವುದು ಕಷ್ಟ, ಬಿಡಿ.

ಈ ಬಗೆಯಲ್ಲಿ ಈಗ ಹೆಚ್ಚು ಕಾಣುವ ಹೆಸರು ಶಾಕ್ಸ್. 2021ರ ಕೊನೆಯವರೆಗೆ ಅದರ ಹೆಸರು ಆಫ್ಟರ್‌ಶಾಕ್ಸ್ ಎಂದಿತ್ತು. ಎರಡು ಗುಂಡಿಗಳನ್ನು ಕುತ್ತಿಗೆಯ ಹಿಂದೆ ಹಾಯುವ ಟೈಟೇನಿಯಂ ತಂತಿ ಜೋಡಿಸುತ್ತದೆ. ತೂಕ 30 ಗ್ರಾಂ ಆಸುಪಾಸು. ಕಿವಿಯ ಕೊಳವೆ ಪೂರ್ತಿ ಖಾಲಿ. ಇದು ಸೈಕಲ್‌ಗೆ ದೊಡ್ಡ ಅನುಕೂಲ.

ಬೇಸ್ ಮಾತ್ರ ಬಡವಾಗಿರುತ್ತದೆ. ತಗ್ಗು ದನಿಗೆ ದೊಡ್ಡ ನಡುಕ ಬೇಕು, ದೊಡ್ಡ ನಡುಕ ಕೆನ್ನೆಯಲ್ಲಿ ಕಚಗುಳಿ ಇಡುತ್ತದೆ. ಕೋಣೆಯಲ್ಲಿ ಕೂತು ಕೇಳಿದರೆ ಬೇಸರವಾಗುವಷ್ಟು ವ್ಯತ್ಯಾಸ ಇದೆ. ಆದರೆ ಗಾಳಿ ಬೇಸನ್ನು ಹೇಗೂ ನುಂಗುತ್ತದೆ ಎಂದೆವಲ್ಲ, ಸವಾರಿಯಲ್ಲಿ ಈ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಈಚಿನ ಕೆಲವು ಮಾದರಿಗಳು ಬೇಸ್‌ಗಾಗಿ ಒಂದು ಪುಟ್ಟ ಸ್ಪೀಕರನ್ನೂ ಸೇರಿಸಿವೆ. ಬರೀ ಮಾತು ಕೇಳುವವರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ಎರಡು ತಪ್ಪು ತಿಳಿವಳಿಕೆ. ಒಂದು, ಮೂಳೆಯ ಮೂಲಕ ಕೇಳಿದರೆ ಕಿವಿಗೆ ಹಾನಿಯಿಲ್ಲ ಎಂಬುದು. ಜೋರು ಸದ್ದಿಗೆ ಹಾಳಾಗುವುದು ಒಳಕಿವಿಯ ಸೂಕ್ಷ್ಮ ಕೂದಲ ಕೋಶಗಳು. ಸದ್ದು ಯಾವ ದಾರಿಯಲ್ಲಿ ಬಂದರೂ ಕೊನೆಗೆ ಮುಟ್ಟುವುದು ಅಲ್ಲಿಗೇ. ಇನ್ನೊಂದು, ಮೂಳೆಯ ಮೂಲಕ ಬಂದದ್ದಕ್ಕೆ ಗಾಳಿ ಅಡ್ಡ ಬರುವುದಿಲ್ಲ ಎಂಬುದು. ಗಾಳಿಯ ಸದ್ದೂ ಪಾಡ್‌ಕಾಸ್ಟೂ ಒಂದೇ ಒಳಕಿವಿಯಲ್ಲಿ ಸೇರುತ್ತವೆ, ಅಲ್ಲಿ ಒಂದು ಇನ್ನೊಂದನ್ನು ಮುಳುಗಿಸುವುದು ಇದ್ದದ್ದೇ. ಬೋನ್ ಕಂಡಕ್ಷನ್ ಹಾಕಿಕೊಂಡು ಕಿವಿಗೆ ಬೆಂಡು (ಇಯರ್‌ಪ್ಲಗ್) ತುರುಕಿದರೆ ದನಿ ಚೆನ್ನಾಗಿ ಕೇಳುತ್ತದೆ, ನಿಜ. ವಿಮಾನದಲ್ಲಿ ಹಾಗೆ ಮಾಡಿ. ರಸ್ತೆಯಲ್ಲಿ ಮಾಡಿದರೆ ಈ ಹೆಡ್‌ಫೋನ್ ಕೊಂಡ ಉದ್ದೇಶವೇ ಹಾಳು.

ಕಿವಿಯ ಪಕ್ಕ ನಿಲ್ಲುವ ಸ್ಪೀಕರ್, ಕಿವಿಯೊಳಗೆ ಕೂರುವ ಮೈಕ್

ಎರಡನೇ ಬಗೆಯದು ಓಪನ್ ಇಯರ್. ಕಿವಿಗೆ ಕೊಕ್ಕೆ ಹಾಕಿ ನಿಲ್ಲುವುದು, ಕಿವಿಯ ಅಂಚಿಗೆ ಕ್ಲಿಪ್ಪಿನಂತೆ ಕಚ್ಚುವುದು, ನಡುವೆ ತೂತಿರುವ ಬಳೆಯಂತೆ ಕೂರುವುದು ಹೀಗೆ ನಾನಾ ರೂಪ. ಸೋನಿಯ ಲಿಂಕ್‌ಬಡ್ಸ್ 2022ರಲ್ಲಿ ಬಂತು, ಶಾಕ್ಸ್‌ನ ಓಪನ್‌ಫಿಟ್ 2023ರಲ್ಲಿ, ಬೋಸ್‌ನ ಅಲ್ಟ್ರಾ ಓಪನ್ 2024ರಲ್ಲಿ. ಇವುಗಳಲ್ಲಿ ನಡುಕ ಮೂಳೆಗೆ ಹೋಗುವುದಿಲ್ಲ. ಮಾಮೂಲಿ ಸ್ಪೀಕರ್ ಕಿವಿಯ ಬಾಯಿಗೆ ಹತ್ತಿರ ನಿಂತು ದನಿ ಬಿಡುತ್ತದೆ. ಪಕ್ಕದವರಿಗೆ ಕೇಳದಿರಲಿ ಎಂದು ಕೆಲವು ಮಾದರಿಗಳು ಹೊರಬದಿಗೆ ತದ್ವಿರುದ್ಧ ಅಲೆ ಬಿಟ್ಟು ಸೋರುವ ದನಿಯನ್ನು ಕಡಿಮೆ ಮಾಡುತ್ತವೆ.

ಕೇಳಲು ಇವು ಬೋನ್ ಕಂಡಕ್ಷನ್‌ಗಿಂತ ಹಿತ. ದನಿ ತುಂಬಿಕೊಂಡಿರುತ್ತದೆ, ಕಚಗುಳಿ ಇಲ್ಲ. ಆದರೆ ಇವು ಗಾಳಿ ಸುಳಿಯುವ ಜಾಗದಲ್ಲೇ ಕೂರುತ್ತವೆ. ಆಕಾರ ಸರಿಹೊಂದದಿದ್ದರೆ ತಾವೇ ಒಂದಿಷ್ಟು ಹೊಸ ಗಾಳಿ ಸದ್ದು ಸೇರಿಸುತ್ತವೆ. ನಿಧಾನವಾಗಿ, ಗಂಟೆಗೆ 15-20 ಕಿ.ಮೀ.ನಲ್ಲಿ ಕೆಲಸಕ್ಕೆ ಹೋಗಿಬರುವವರಿಗೆ ಇವು ಚೆನ್ನ. ಜೋರಾಗಿ ಹೊಡೆಯುವವರು ಕೊಳ್ಳುವ ಮೊದಲು ಒಮ್ಮೆ ಹಾಕಿಕೊಂಡು ಗಾಳಿಯಲ್ಲಿ ನೋಡಲೇಬೇಕು. ಕನ್ನಡಕದ ಕಾಲಿನಲ್ಲೇ ಸ್ಪೀಕರ್ ಇರುವ ಮಾದರಿಗಳೂ ಇದೇ ಜಾತಿ, ಗುಣದೋಷವೂ ಇದೇ.

ಮೂರನೆಯದು ಎಲ್ಲರ ಬಳಿ ಆಗಲೇ ಇರುವ ಇಯರ್‌ಬಡ್. ಅದರಲ್ಲಿ ಟ್ರಾನ್ಸ್‌ಪರೆನ್ಸಿ ಅಥವಾ ಆಂಬಿಯೆಂಟ್ ಅನ್ನುವ ಮೋಡ್ ಇರುತ್ತದೆ. ಹೊರಗಿನ ಮೈಕ್ ಸದ್ದು ಹಿಡಿದು ಒಳಗೆ ನುಡಿಸುತ್ತದೆ. ಇರುವುದನ್ನೇ ಬಳಸೋಣ ಅನ್ನುವುದು ಸಹಜ. ಆಫೀಸಿನಲ್ಲಿ, ನಡೆಯುವಾಗ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಸೈಕಲ್ ಮೇಲೆ ಮೈಕಿಗೇ ಗಾಳಿ ಹೊಡೆಯುತ್ತದೆ, ಮೈಕ್ ಆ ಗಾಳಿಯನ್ನೇ ದೊಡ್ಡದು ಮಾಡಿ ಕಿವಿಗೆ ಕೊಡುತ್ತದೆ. ಇದನ್ನು ತಡೆಯಲು ಗಾಳಿ ಸದ್ದು ಕಡಿಮೆ ಮಾಡುವ ಸೌಲಭ್ಯ ಇರುವ ಬಡ್‌ಗಳಿವೆ. ಆ ಕೆಲಸಕ್ಕಾಗಿ ಅವು ಎಷ್ಟೋ ಸಲ ಮೈಕಿನ ದನಿಯನ್ನೇ ತಗ್ಗಿಸುತ್ತವೆ. ಪರಿಣಾಮ ಏನು? ಕಿವಿಗೆ ರಬ್ಬರ್ ಬೆಂಡು, ಒಳಗೆ ಹಾಡು, ಹೊರಗಿನದು ಬಹುಮಟ್ಟಿಗೆ ಬಂದ್. ಗಾಳಿ ಜಾಸ್ತಿಯಾದಷ್ಟೂ, ಅಂದರೆ ವೇಗ ಜಾಸ್ತಿಯಾದಷ್ಟೂ ಹೀಗಾಗುತ್ತದೆ. ಕೇಳಿಸಲೇಬೇಕಾದ ಹೊತ್ತಿನಲ್ಲೇ ಕೇಳಿಸುವುದಿಲ್ಲ. ಚಾರ್ಜ್ ಮುಗಿದರೂ ಇದೇ ಗತಿ. ಹೀಗಾಗಿ ವಾಹನ ಓಡಾಡುವ ರಸ್ತೆಗೆ ಇಂಥ ಬಡ್ ಬೇಡ ಅನ್ನುವವರ ಸಾಲಿನಲ್ಲಿ ನಾನಿದ್ದೇನೆ. ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಬಗ್ಗೆ ಹೇಳುವುದೇ ಬೇಡ, ಹೆಲ್ಮೆಟ್ ಕೆಳಗೆ ಅದು ಕೂರುವುದೂ ಇಲ್ಲ.

ಒಂದೇ ಕಿವಿಗೆ ಹಾಕಿಕೊಂಡರೆ ಸಾಕಲ್ಲವೇ? ತುಂಬಾ ಜನ ಮಾಡುವುದು ಇದನ್ನೇ. ಎರಡೂ ಮುಚ್ಚುವುದಕ್ಕಿಂತ ವಾಸಿ, ಅನುಮಾನವಿಲ್ಲ. ಆದರೆ ದಿಕ್ಕು ಹೇಳಲು ಎರಡು ಕಿವಿಯ ಹೋಲಿಕೆ ಬೇಕು ಎಂದೆವಲ್ಲ, ಅದು ಇಲ್ಲಿ ತಪ್ಪುತ್ತದೆ. ವಾಹನ ಬಂತೆಂದು ಗೊತ್ತಾಗುತ್ತದೆ, ಎಲ್ಲಿಂದ ಎಂಬುದು ಮಸುಕು. ಎರಡೂ ಕಿವಿ ತೆರೆದಿಟ್ಟು ಮೆತ್ತಗೆ ಕೇಳುವುದು ಇದಕ್ಕಿಂತ ಮೇಲು. ಒಂದೇ ಬಡ್ ಹಾಕುವುದಾದರೆ ವಾಹನಗಳು ಹಾದುಹೋಗುವ ಬದಿಯ ಕಿವಿಯನ್ನು ಖಾಲಿ ಬಿಡಿ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ (ಎರಡೂ ಬದಿಯ ದನಿ ಸೇರಿಸಿ ಕೇಳಿಸುವುದು) ಆನ್ ಮಾಡಿ. ಇಲ್ಲದಿದ್ದರೆ ಇಬ್ಬರು ಮಾತಾಡುವ ಕಾರ್ಯಕ್ರಮದಲ್ಲಿ ಒಬ್ಬರ ದನಿ ಪೂರ್ತಿ ಇನ್ನೊಂದು ಬಡ್‌ನಲ್ಲೇ ಉಳಿದೀತು.

ಹೆಲ್ಮೆಟ್, ಗ್ಲೌಸ್, ಬೆವರು

ಅಂಗಡಿಯಲ್ಲಿ ಚೆನ್ನಾಗಿ ಕೂತದ್ದು ಸೈಕಲ್ ಮೇಲೆ ಕೂರದೇ ಇರಬಹುದು. ಹೆಲ್ಮೆಟ್ ಪಟ್ಟಿ ಕಿವಿಯ ಮುಂದೆ ಒಂದು, ಹಿಂದೆ ಒಂದು ಇಳಿದು ಕಿವಿಯ ಕೆಳಗೆ ಸೇರುತ್ತದೆ. ಹೆಡ್‌ಫೋನಿನ ಕೊಕ್ಕೆ, ಕನ್ನಡಕದ ಕಾಲು, ಈ ಪಟ್ಟಿ ಮೂರೂ ಅದೇ ನಾಲ್ಕು ಬೆರಳಿನ ಜಾಗಕ್ಕೆ ಜಗಳ ಆಡುತ್ತವೆ. ಹೆಡ್‌ಫೋನ್ ಮೊದಲು, ಆಮೇಲೆ ಹೆಲ್ಮೆಟ್, ಕೊನೆಗೆ ಪಟ್ಟಿಯ ಮೇಲೆ ಕನ್ನಡಕ ಹೀಗೆ ಹಾಕಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕುತ್ತಿಗೆಯ ಹಿಂದೆ ತಂತಿ ಇರುವ ಮಾದರಿಯಾದರೆ ಇನ್ನೊಂದು ಪರೀಕ್ಷೆ ಇದೆ. ರೋಡ್ ಬೈಕ್‌ನಲ್ಲಿ ಬಾಗಿ ಹಿಡಿದು ತಲೆ ಎತ್ತಿದಾಗ ತಂತಿ ಜಾಕೆಟ್ ಕಾಲರಿಗೋ ಹೆಲ್ಮೆಟ್ ಹಿಂಬದಿಯ ತಿರುಪಿಗೋ ತಗುಲಿ ಗುಂಡಿಗಳನ್ನು ಜಾಗ ತಪ್ಪಿಸುತ್ತದೆಯೇ ನೋಡಿ. ಬೋನ್ ಕಂಡಕ್ಷನ್‌ನಲ್ಲಿ ಒಂದು ಸೆಂಟಿಮೀಟರ್ ಜರುಗಿದರೂ ದನಿ ಬಿದ್ದುಹೋಗುತ್ತದೆ.

ತಂತಿ ಇರುವುದಕ್ಕೆ ಒಂದು ಲಾಭವೂ ಇದೆ. ಬಿಡಿ ಬಡ್ ರಸ್ತೆಗೆ ಬಿದ್ದರೆ ನೂರು ಮೀಟರ್ ಹಿಂದಕ್ಕೆ ಹೋಗಿ ವಾಹನಗಳ ನಡುವೆ ಬಗ್ಗಿ ಹುಡುಕಬೇಕು. ಅದನ್ನು ಹುಡುಕಿ ತರುವ ಆಸೆಯೇ ಅಪಾಯ.

ಒತ್ತುವ ಗುಂಡಿ ಇರುವುದನ್ನೇ ಆರಿಸಿ. ಮುಟ್ಟಿದರೆ ಕೆಲಸ ಮಾಡುವ ಟಚ್ ಮಾದರಿಗಳು ಗ್ಲೌಸ್ ಹಾಕಿದರೆ ಕೇಳುವುದಿಲ್ಲ, ಬೆವರ ಹನಿ ಇಳಿದರೆ ತಾವಾಗಿಯೇ ಹಾಡು ಬದಲಿಸುತ್ತವೆ. ದನಿಯ ಆಜ್ಞೆಯಂತೂ ಗಾಳಿಯಲ್ಲಿ ನಂಬುವಂಥದ್ದಲ್ಲ. ಒಂದೇ ಒಂದು ಗುಂಡಿ, ನೋಡದೆ ಬೆರಳಿಗೆ ಸಿಗಬೇಕು, ಒತ್ತಿದರೆ ನಿಲ್ಲಬೇಕು. ಕವಲು ದಾರಿ ಬಂದಾಗ, ನಾಯಿ ಬೆನ್ನಟ್ಟಿದಾಗ ಬೇಕಾಗುವುದು ಅದು.

ನೀರಿನ ವಿಷಯದಲ್ಲಿ ಡಬ್ಬಿಯ ಮೇಲಿನ ಐಪಿ ಅಂಕಿ ನೋಡಿ. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಎಕ್ಸ್ ಇದ್ದರೆ ಆ ಪರೀಕ್ಷೆಯ ಫಲ ಕೊಟ್ಟಿಲ್ಲ ಎಂದರ್ಥ. ಐಪಿಎಕ್ಸ್4 ಎಲ್ಲ ದಿಕ್ಕಿನ ಚಿಮ್ಮು ನೀರು ತಡೆಯುತ್ತದೆ, 5 ಧಾರೆ ನೀರು, 7 ಒಂದು ಮೀಟರ್ ಆಳದಲ್ಲಿ 30 ನಿಮಿಷ. 7 ಇದ್ದ ಮಾತ್ರಕ್ಕೆ 5ರ ಪರೀಕ್ಷೆಯೂ ಪಾಸಾಗಿದೆ ಎಂದೇನೂ ಇಲ್ಲ. ಸೈಕಲ್‌ಗೆ ಐಪಿ55 ಸಾಕು. ಈ ಪರೀಕ್ಷೆಗಳೆಲ್ಲ ಸಿಹಿನೀರಿನವು, ಬೆವರಿನಲ್ಲಿರುವುದು ಉಪ್ಪು. ಚಾರ್ಜ್ ಆಗುವ ಲೋಹದ ಚುಕ್ಕೆಗಳನ್ನು ತಿನ್ನುವುದು ಆ ಉಪ್ಪೇ. ಸವಾರಿ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಚಾರ್ಜಿಗೆ ಹಾಕಿ. ಬಡ್ ಇಡುವ ಡಬ್ಬಿಗೆ ಬಡ್‌ನಷ್ಟು ರಕ್ಷಣೆ ಇರುವುದಿಲ್ಲ.

ಬ್ಲೂಟೂತ್ ಬಗ್ಗೆ ಒಂದು ವಿಚಿತ್ರ ಇದೆ. ಮನೆಯೊಳಗೆ ಚೆನ್ನಾಗಿ ಕೇಳುವುದು ಬಯಲು ರಸ್ತೆಯಲ್ಲಿ ತುಂಡುತುಂಡಾಗುತ್ತದೆ. ಅದು ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ನೀರು ತುಂಬಿದ ನಮ್ಮ ಮೈ ಆ ಅಲೆಯನ್ನು ಹೀರುತ್ತದೆ. ಮನೆಯಲ್ಲಾದರೆ ಗೋಡೆಗೆ ಬಡಿದು ಬಳಸಿ ಬರುತ್ತದೆ. ಬಯಲಿನಲ್ಲಿ ಬಡಿಯಲು ಗೋಡೆ ಎಲ್ಲಿದೆ? ಬೆನ್ನ ಜೇಬಿನಲ್ಲಿರುವ ಫೋನನ್ನು ಇನ್ನೊಂದು ಬದಿಯ ಜೇಬಿಗೆ ಹಾಕಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಕೋಡೆಕ್ ಯಾವುದು ಎಂಬ ಚರ್ಚೆ ಸವಾರಿಯ ಮಟ್ಟಿಗೆ ಸುಮ್ನೆ ಕಾಲಹರಣ, ಆ ಸೂಕ್ಷ್ಮಗಳು ಗಾಳಿಯಲ್ಲಿ ಉಳಿಯುವುದಿಲ್ಲ. ಬ್ಯಾಟರಿ 6 ಗಂಟೆಗಿಂತ ಜಾಸ್ತಿ ಇದ್ದರೆ ಬಹುತೇಕರಿಗೆ ಸಾಕು. ಡಬ್ಬಿಯ ಮೇಲಿನ ಗಂಟೆ ಸಾಮಾನ್ಯವಾಗಿ ಮಧ್ಯಮ ವಾಲ್ಯೂಮಿನದು ಎಂಬುದು ನೆನಪಿರಲಿ.

ಏನು ಕೇಳಬೇಕು, ಎಷ್ಟು ಜೋರಾಗಿ

ಸೈಕಲ್‌ಗೆ ಒಗ್ಗುವುದು ಹಾಡಿಗಿಂತ ಮಾತು. ಮಾತು ಅರ್ಥವಾಗಲು ಬೇಸ್ ಬೇಕಿಲ್ಲ. ಹಳೆಯ ಫೋನ್ ಲೈನು 300ರಿಂದ 3,400 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ನಡುವಿನ ದನಿ ಮಾತ್ರ ಸಾಗಿಸುತ್ತಿತ್ತು, ಆದರೂ ಜನ ಅದರಲ್ಲೇ ಮದುವೆ ಮಾತುಕತೆಯಿಂದ ಜಗಳದವರೆಗೆ ಎಲ್ಲ ನಡೆಸಿದರು. ಈಕ್ವಲೈಸರ್ (ತಗ್ಗು-ಏರು ದನಿಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ) ಇದ್ದರೆ ಬೇಸ್ ಪೂರ್ತಿ ಇಳಿಸಿ, 2ರಿಂದ 4 ಕಿಲೋಹರ್ಟ್ಸ್ ನಡುವೆ ಸ್ವಲ್ಪ ಏರಿಸಿ. ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲಿ. ವಾಲ್ಯೂಮ್ ಏರಿಸದೆಯೇ ಮಾತು ಬಿಡಿಸಿ ಕೇಳುತ್ತದೆ, ಬೋನ್ ಕಂಡಕ್ಷನ್‌ನ ಕಚಗುಳಿಯೂ ಕಡಿಮೆಯಾಗುತ್ತದೆ.

ಇಬ್ಬರಲ್ಲಿ ಒಬ್ಬರು ಪಿಸುಗುಟ್ಟಿ ಇನ್ನೊಬ್ಬರು ಕಿರುಚುವ ಪಾಡ್‌ಕಾಸ್ಟ್ ಸವಾರಿಗೆ ಬೇಡ. ಪಿಸುಮಾತಿಗೆ ಏರಿಸಿದ ವಾಲ್ಯೂಮ್ ಕಿರುಚಾಟಕ್ಕೆ ಇಳಿಯುವುದಿಲ್ಲ. ಕೆಲವು ಪಾಡ್‌ಕಾಸ್ಟ್ ಆಪ್‌ಗಳಲ್ಲಿ ದನಿಯನ್ನು ಒಂದೇ ಮಟ್ಟಕ್ಕೆ ತರುವ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ.

ವಾಲ್ಯೂಮ್ ಇಡುವುದು ಹೊರಡುವ ಮೊದಲು. ರಸ್ತೆ ಪಕ್ಕ ನಿಂತು, ಹಿಂದೆ ನಾಲ್ಕೈದು ಹೆಜ್ಜೆ ದೂರದಿಂದ ಯಾರಾದರೂ ಮಾಮೂಲಿ ದನಿಯಲ್ಲಿ ಕರೆದರೆ ಅರ್ಥವಾಗುವಷ್ಟಕ್ಕೆ ಇಳಿಸಿ. ಅದೇ ಮಿತಿ. ಫೋನಿನಲ್ಲಿ ಗರಿಷ್ಠ ವಾಲ್ಯೂಮ್ ಕಟ್ಟಿಹಾಕುವ ಸೌಲಭ್ಯ ಇದ್ದರೆ ಅಲ್ಲೇ ಕಟ್ಟಿಹಾಕಿ. ಇಳಿಜಾರಿನಲ್ಲಿ ಮಾತು ಕೇಳಿಸದಿದ್ದರೆ ಬಿಟ್ಟುಬಿಡಿ, ಹದಿನೈದು ಸೆಕೆಂಡ್ ಹಿಂದಕ್ಕೆ ಹೋಗುವ ಗುಂಡಿ ಇರುವುದೇ ಅದಕ್ಕೆ. ತಲೆ ಕೆಡಿಸುವ ವಿಷಯ, ಕುತೂಹಲದ ತುದಿಯಲ್ಲಿರುವ ಕತೆ ಇವು ಕಿವಿ ಮುಚ್ಚದಿದ್ದರೂ ಗಮನ ಮುಚ್ಚುತ್ತವೆ. ವಾಹನ ದಟ್ಟವಾಗಿರುವ ಕಡೆ ನಿಲ್ಲಿಸಿಬಿಡುವುದೇ ಸರಿ. ಫೋನ್ ಕರೆಯಂತೂ ಸೈಕಲ್ ನಿಲ್ಲಿಸಿ ಮಾತಾಡಬೇಕಾದ ಸಂಗತಿ.

ಕಾನೂನು ಎಲ್ಲೆಡೆ ಒಂದೇ ಅಲ್ಲ. ಫ್ರಾನ್ಸ್ 2015ರ ಜುಲೈ 1ರಿಂದ ಸೈಕಲ್ ಸವಾರರಿಗೂ ಇಯರ್‌ಫೋನ್ ನಿಷೇಧಿಸಿದೆ, ಸ್ಪೇನ್‌ನಲ್ಲೂ ನಿಷೇಧ ಇದೆ. ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಿವಿ ಮುಚ್ಚುವಂತಿಲ್ಲ, ಒಂದಕ್ಕೆ ಅಡ್ಡಿಯಿಲ್ಲ. ನೆದರ್‌ಲೆಂಡ್ಸ್‌ನಲ್ಲಿ ಕೇಳಬಹುದು, ಆದರೆ 2019ರ ಜುಲೈನಿಂದ ಸವಾರಿಯಲ್ಲಿ ಫೋನ್ ಕೈಲಿ ಹಿಡಿಯುವಂತಿಲ್ಲ. ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್ ಸ್ಪರ್ಧೆಗಳ ಅಂತಾರಾಷ್ಟ್ರೀಯ ನಿಯಮದಲ್ಲಿ ಹೆಡ್‌ಫೋನ್‌ಗೆ ಜಾಗವೇ ಇಲ್ಲ. ಬೇರೆ ಊರಲ್ಲಿ ಸೈಕಲ್ ಹೊಡೆಯುವ ಮುಂಚೆ ಅಲ್ಲಿಯ ನಿಯಮ ಒಮ್ಮೆ ನೋಡಿಕೊಳ್ಳಿ.

ಯಾವುದಾದರೂ ಒಂದನ್ನು ಹೇಳಿ ಅಂದರೆ, ಹೆಲ್ಮೆಟ್ ಹಾಕಿ ಗಂಟೆಗೆ 20 ಕಿ.ಮೀ. ದಾಟಿ ಹೊಡೆಯುವವರಿಗೆ ಒತ್ತುವ ಗುಂಡಿ ಇರುವ ಬೋನ್ ಕಂಡಕ್ಷನ್. ನಿಧಾನದ ಓಡಾಟದವರಿಗೆ, ಹಾಡೂ ಚೆನ್ನಾಗಿರಲಿ ಅನ್ನುವವರಿಗೆ ಕೊಕ್ಕೆಯ ಓಪನ್ ಇಯರ್. ಮನೆಯೊಳಗೆ ಟ್ರೈನರ್ (ನಿಂತಲ್ಲೇ ಪೆಡಲ್ ತುಳಿಯಲು ಸೈಕಲ್ ಕೂರಿಸುವ ಸ್ಟ್ಯಾಂಡ್) ಮೇಲೆ ಸೈಕಲ್ ಹೊಡೆಯುವುದಾದರೆ ಮಾತ್ರ ಇಷ್ಟೂ ಸಲಹೆಯನ್ನು ತಲೆಕೆಳಗು ಮಾಡಿ. ಅಲ್ಲಿ ಹಿಂದಿನಿಂದ ಯಾರೂ ಬರುವುದಿಲ್ಲ, ಎದುರಿಗೆ ಫ್ಯಾನು ಕೂಗುತ್ತಿರುತ್ತದೆ, ಮೈಯೆಲ್ಲ ಬೆವರು. ಹೊರಗಿನ ಸದ್ದು ಅಡಗಿಸುವ ಇಯರ್‌ಬಡ್ ಅಲ್ಲಿ ಆರಾಮಾಗಿ ಹಾಕಿಕೊಳ್ಳಿ, ಬೇಸನ್ನೂ ಬೇಕಾದಷ್ಟು ಕೇಳಿ.